ಗುರುಗುಂಟಾದಲ್ಲಿ ಎರಡು ರೊಟ್ಟಿ

ತೊಂಬತ್ತರ ದಶಕದ ಆರಂಭ. ಸಂಕ್ರಾಂತಿ ಕಳೆದು ವಾರವಾಗಿತ್ತು. ಮುಕ್ಕುಂದದಿಂದ ಬೆಳಗಿನ ಬಸ್ಸಿಗೆ ಸಿಂಧನೂರಿಗೆ ಬಂದು, ಅಲ್ಲಿ ಲಿಂಗಸುಗೂರಿನ ಬಸ್ಸು ಹಿಡಿದೆ. ಹೊರಟಿದ್ದು ಗುರುಗುಂಟಾಕ್ಕೆ, ಅಕ್ಕನ ಮನೆಗೆ. ಕಾರಣ ಹೇಳಿದರೆ ನಕ್ಕೀರಿ: ರೊಟ್ಟಿ ತಿನ್ನಲು.

ಹದಿನೈದು ದಿನದ ಹಿಂದೆ ಡಾಕ್ಟರು ನನಗೆ ಸಕ್ಕರೆ ಕಾಯಿಲೆ ಇದೆ ಎಂದಿದ್ದರು. ಗುಳಿಗೆ ತಪ್ಪಿಸಬಾರದು, ಉಪವಾಸ ಬೇಡ, ಹೊತ್ತು ಹೊತ್ತಿಗೆ ಉಣ್ಣಬೇಕು. ಚಹಾಕ್ಕೆ ಸಕ್ಕರೆಯೂ ಬೇಡ, ಬೆಲ್ಲವೂ ಬೇಡ. ಅನ್ನ ತೀರ ಕಡಿಮೆ, ಪಲ್ಯ, ಬೇಳೆ ಹೆಚ್ಚು. ಜೋಳದ ರೊಟ್ಟಿಯಾದರೆ ಒಳ್ಳೆಯದು. ಈ ಕೊನೆಯ ಮಾತಿಗೆ ನಾನು ಹಿಗ್ಗಿದ್ದನ್ನು ಅವರು ಕಂಡರು.

"ರೊಟ್ಟೀನೂ ಹಿಟ್ಟೇ ರೀ. ಔಷಧ ಅಂತ ಹತ್ತು ತಿಂದೀರಿ ಮತ್ತ. ಊಟಕ್ಕ ಎರಡು, ಸಾಕು."

ನಮ್ಮ ಮಂದಿಯ ಬುದ್ಧಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಾಲುವೆ ನೀರು ಬಂದು ಹೊಲವೆಲ್ಲ ಗದ್ದೆಯಾದ ಮೇಲೆ ನಮ್ಮ ಒಲೆಯಿಂದ ಜೋಳ ದೂರವಾಗಿತ್ತು. ಹೆಂಡತಿ ಸಂತೆಯಿಂದ ಜೋಳ ತಂದು ಬಡಿದು ನೋಡಿದಳು. ರೊಟ್ಟಿ ಅಂಚಿಗೆಲ್ಲ ಸೀಳಿತು. ತಪ್ಪು ಅವಳದಲ್ಲ. ನನ್ನ ನಾಲಿಗೆ ಬಯಸುತ್ತಿದ್ದುದು ಅಕ್ಕನ ಕೈಯದನ್ನು. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳೇ.

ಮಸ್ಕಿಯಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಸಕ್ಕರೆ ಹಾಕದ ಚಹಾ ಕೇಳಿದ್ದಕ್ಕೆ ಹೋಟೆಲಿನವನು, ಮನೆಯಲ್ಲಿ ಜಗಳವೇನ್ರೀ ಎಂದು ವಿಚಾರಿಸಿದ. ಮಸ್ಕಿ ದಾಟಿದ ಮೇಲೆ ಗದ್ದೆಗಳು ಕಡಿಮೆಯಾಗುತ್ತ ಎರೆಹೊಲದ ಬಿಳಿಜೋಳ ಶುರುವಾಯಿತು. ಎಲ್ಲೋ ಎಳೆತೆನೆ ಸುಟ್ಟು ಸೀತನಿ ತಿನ್ನುತ್ತಿದ್ದರು, ಆ ಹೊಗೆ ಕಿಟಕಿಯಿಂದ ಒಳಗೆ ಬಂತು. ನನಗೆ ಅಳು ಬಂದಂತಾಯಿತು. ಲಿಂಗಸುಗೂರಲ್ಲಿ ಮತ್ತೊಂದು ಬಸ್ಸು ಬದಲಿಸಿ, ಮಧ್ಯಾಹ್ನದ ಊಟದ ಹೊತ್ತಿಗೆ ಗುರುಗುಂಟಾ ಮುಟ್ಟಿದೆ.

ಬರುತ್ತೇನೆಂದು ಕಾರ್ಡು ಬರೆದಿದ್ದೆ; ಯಾಕೆಂದು ಬರೆದಿರಲಿಲ್ಲ. ಅಕ್ಕ ತಾಟಿನ ತುಂಬ ಬಿಳಿ ಅನ್ನ ಬಡಿಸಿ ತಂದಿಟ್ಟಳು. ರೊಟ್ಟಿ ಇಲ್ಲವೇ ಎಂದೆ.

"ಕಾಲುವಿ ಮಂದಿಗೆ ರೊಟ್ಟಿ ಹ್ಯಾಂಗ ಹಾಕ್ಲಿ ತಮ್ಮಾ?"

ಕುಹಕದಿಂದ ಹೇಳಿದ್ದಲ್ಲ. ನಾಚಿಕೆ ನನ್ನದೇ ಆಗಿತ್ತು. ಮೊದಲ ಸಲ ಭತ್ತ ಬೆಳೆದ ವರ್ಷ ಇದೇ ಮನೆಗೆ ಅಕ್ಕಿ ಚೀಲ ತಂದು, ಇನ್ನೂ ರೊಟ್ಟಿ ಬಡಿಯುತ್ತ ಕೂತಿದ್ದೀಯಾ ಎಂದು ನಗಾಡಿದ್ದೆ. ಅಂದಿನಿಂದ ನಾನು ಬಂದಾಗಲೆಲ್ಲ ಅವಳು ಅನ್ನವನ್ನೇ ಮಾಡಿದ್ದಳು. ಆಡಿದವನು ಮರೆತಿದ್ದೆ, ಕೇಳಿದವಳು ಮರೆತಿರಲಿಲ್ಲ.

ಕಾಯಿಲೆಯ ವಿಷಯ, ಡಾಕ್ಟರು ಹೇಳಿದ ಲೆಕ್ಕ, ಎಲ್ಲ ಹೇಳಿದೆ. ಅಕ್ಕ ತಾಟು ಎತ್ತಿಕೊಂಡು ಒಲೆಯ ಮುಂದೆ ಕೂತಳು. ಹಿಟ್ಟು ನಾದಿ ಬಡಿದಳು. ಹೆಂಚಿನಿಂದ ನೇರ ತಾಟಿಗೆ ಬಂದ ರೊಟ್ಟಿ, ಜೊತೆಗೆ ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಮೊದಲನೆಯದು ಯಾವಾಗ ಮುಗಿಯಿತೋ ತಿಳಿಯಲಿಲ್ಲ. ಎರಡನೆಯದನ್ನು ಚೂರು ಚೂರೇ ಮುರಿದು ತಿಂದೆ.

ಆ ಮನೆಯಲ್ಲಿ ಸಾಕು ಎಂದು ತಾಟಿಗೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ರೊಟ್ಟಿ ಬೀಳುತ್ತಿತ್ತು. ಉಣ್ಣಲು ಕೂತವರು ಬೇಡ ಎನ್ನುವುದು, ಅವಳು ಬಿಡದಿರುವುದು, ಅದೇ ರೂಢಿ. ಇವತ್ತು ನಾನು ಕೈ ಅಡ್ಡ ಹಿಡಿಯಲಿಲ್ಲ. ಮೂರನೆಯದು ಹೆಂಚಿನ ಮೇಲೆ ಉಬ್ಬಿತ್ತು. ಅಕ್ಕ ಅದನ್ನು ಬುಟ್ಟಿಗೆ ಹಾಕಿ ಬಟ್ಟೆ ಮುಚ್ಚಿದಳು. ನನ್ನತ್ತ ನೋಡಲಿಲ್ಲ.

"ಕೇಳಬ್ಯಾಡ ತಮ್ಮಾ. ನೀ ಕೇಳಿದ್ರ ನನಗ ಇಲ್ಲ ಅನ್ನಾಕ ಬರಂಗಿಲ್ಲ."

ನಾನು ಕೈ ತೊಳೆದುಕೊಂಡೆ.

ಸಂಜೆ ಬಸ್ಸಿನ ತನಕ ಬಂದಳು. ಕಾಲು ನೋಡಿಕೊ, ಗಾಯ ಮಾಡಿಕೊಳ್ಳಬೇಡ ಎಂದಳು. ಬಸ್ಸು ಹೊರಟಾಗ ಕಿಟಕಿಯ ಸರಳು ಹಿಡಿದು ನಾಲ್ಕು ಹೆಜ್ಜೆ ಜೊತೆಗೇ ನಡೆದಳು.

"ಎರಡ ತಿನ್ನಾಕರ ಬಾ," ಎಂದಳು. "ತಿಂಗಳಾ ತಿಂಗಳಾ ಬಾ."