ಹಾಲು-ತುಪ್ಪ ಬಿಟ್ಟವಳು

ರಾಮನಗರಕ್ಕೆ ಬಂದ ಹೊಸತರಲ್ಲಿ ಮನೆ ಸುಲಭವಾಗಿ ಸಿಕ್ಕಿತು, ಊಟ ಸಿಗಲಿಲ್ಲ. ಹಳೇ ಪೇಟೆಯಲ್ಲಿ, ರೇಷ್ಮೆ ನೂಲು ತೆಗೆಯುವ ಮನೆಗಳ ಸಾಲಿನ ಹಿಂದೆ, ಮಹಡಿಯ ಮೇಲೊಂದು ಕೋಣೆ. ಕಿಟಕಿ ತೆರೆದರೆ ಗೂಡು ಬೇಯುವ ವಾಸನೆ. ಅಡುಗೆಗೆ ಜಾಗವೇನೋ ಇತ್ತು. ಆದರೆ ಆ ಗೋಡೆಯ ಹಳೆಯ ವೈರಿಂಗ್ ನೋಡಿದ ದಿನವೇ, ಕರೆಂಟ್ ಒಲೆ ಇಟ್ಟರೆ ನಾನು, ಕೆಳಗಿನ ಮನೆ, ಇಡೀ ಬೀದಿ ಒಟ್ಟಿಗೆ ಸುಟ್ಟುಹೋಗುತ್ತೇವೆ ಎಂದು ತೀರ್ಮಾನಿಸಿಬಿಟ್ಟೆ. ನನ್ನ ತಲೆ ಹಾಗೆ. ಬಸ್ಸು ಐದು ನಿಮಿಷ ತಡವಾದರೆ ಅದು ಹಳ್ಳಕ್ಕೆ ಬಿದ್ದಿರುವುದನ್ನು ನೋಡಿಯೇ ಬಂದಿರುತ್ತದೆ. ಹಾಗಾಗಿ ಬೆಳಿಗ್ಗೆ ನೆನೆಸಿದ ಅವಲಕ್ಕಿ, ಮಧ್ಯಾಹ್ನ ಹೋಟೆಲು, ಸಂಜೆ ಬಾಳೆಹಣ್ಣು.

ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ನಾನು ವೀಗನ್. ಈ ಪದ ಹೇಳುವಾಗ ಈಗಲೂ ಗಂಟಲು ಸರಿಮಾಡಿಕೊಳ್ಳುತ್ತೇನೆ, ಬೇರೆ ಯಾರದೋ ಅಂಗಿ ಹಾಕಿಕೊಂಡಂತೆ. ವಯಸ್ಸು ನಲವತ್ತೊಂಬತ್ತು, ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ, ಊರು ಪುತ್ತೂರಿನ ಕಡೆ, ಮದುವೆ ಇಲ್ಲ. ಇವುಗಳ ಜೊತೆ ಇದೂ ಬೇಕಿತ್ತೇ ಎಂದು ನನ್ನ ಅಣ್ಣ ಫೋನಿನಲ್ಲಿ ಕೇಳಿದ. ಕಾರಣ ದೊಡ್ಡದೇನಲ್ಲ. ಊರಲ್ಲಿ ಪಕ್ಕದ ಮನೆಯವರು ಗಂಡುಕರುವನ್ನು ಕೊಟ್ಟುಬಿಟ್ಟರು, ಹಸು ಎರಡು ದಿನ ಕೂಗಿತು. ಅದು ಕೂಗುವುದನ್ನು ನಿಲ್ಲಿಸಿದ ಮೇಲೆ ನನಗೆ ಕಾಫಿ ಸೇರಲಿಲ್ಲ. ಹಾಲು ಹೋಯಿತು, ಮೊಸರು ಹೋಯಿತು, ತುಪ್ಪ ಹೋಯಿತು. ಅದಾದ ಮೇಲೆ ರೇಷ್ಮೆ ಸೀರೆಯನ್ನೂ ಬಿಟ್ಟೆ. ಹಾಗೆ ಬಿಟ್ಟು ಬಂದದ್ದು ಯಾವ ಊರಿಗೆ ನೋಡಿ.

ಮೊದಲು ಫೋನಿನಲ್ಲಿ ಹುಡುಕಿದೆ. ಅದು ಬೆಂಗಳೂರಿನ ಜಯನಗರವನ್ನು ತೋರಿಸಿ, ಇಷ್ಟು ಹೊತ್ತು ಹಿಡಿಯುತ್ತದೆ, ಹೊರಡುತ್ತೀರಾ ಎಂದು ಕೇಳಿತು. ಆಮೇಲೆ ಬಾಯಿಬಿಟ್ಟು ಕೇಳತೊಡಗಿದೆ. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ದೋಸೆಗೆ ತುಪ್ಪ ಹಾಕುತ್ತೀರಾ ಎಂದೆ. "ಛೇ, ಇಲ್ಲ ಮೇಡಂ, ಬರೀ ಬೆಣ್ಣೆ" ಎಂದರು, ನನಗೆ ಸಮಾಧಾನವಾಗಲಿ ಎಂದು. ಹಾಲಿಲ್ಲದ ಟೀ ಕೇಳಿದರೆ ಹಾಲಿರುವ ಟೀಯೇ ಬಂತು. ತಂದವರು, "ಒಸಿ ಹಾಕಿವ್ನಿ, ಬಣ್ಣಕ್ಕೆ" ಎಂದರು.

ಭಾನುವಾರಗಳಲ್ಲಿ ಬಸ್ಸು ಹತ್ತಿ ಹೊರಗೆ ಹುಡುಕಿದೆ. ಊಟದ ನೆಪ ಅರ್ಧ. ಉಳಿದರ್ಧ, ಭಾನುವಾರ ಆ ಕೋಣೆಯಲ್ಲಿ ನನ್ನ ಧ್ವನಿಯನ್ನು ನಾನೇ ಕೇಳಿಸಿಕೊಳ್ಳದೆ ಸಂಜೆಯಾಗಿಬಿಡುತ್ತಿತ್ತು. ಚನ್ನಪಟ್ಟಣದಲ್ಲಿ "ಶುದ್ಧ ಸಸ್ಯಾಹಾರಿ" ಎಂಬ ಬೋರ್ಡು ನೋಡಿ ಒಳಗೆ ಹೋದೆ. ಮೆನುವಿನ ತುಂಬ ಪನೀರು. ಕನಕಪುರದಲ್ಲಿ ಪಾಯಸಕ್ಕೆ ಹಾಲು ಹಾಕಿಲ್ಲವೆಂದು ಆಣೆ ಮಾಡಿದವರೊಬ್ಬರು, ಅರ್ಧ ತಿಂದ ಮೇಲೆ, ಪೌಡರ್ ಹಾಕಿದ್ದಾಗಿ ಹೇಳಿದರು. ಮಾಗಡಿಯಲ್ಲಿ ಇಡ್ಲಿ ಚೆನ್ನಾಗಿತ್ತು. ಅದರ ಮೇಲೆ ಬೆಣ್ಣೆಯ ಉಂಡೆಯೊಂದು ನನ್ನನ್ನೇ ನೋಡುತ್ತ ಕರಗಿತು. ಬಡಿಸಿದವರ ಮುಖದಲ್ಲಿ ಎಷ್ಟು ಪ್ರೀತಿ ಇತ್ತೆಂದರೆ ಬೇಡ ಎನ್ನಲಾಗಲಿಲ್ಲ. ಪಕ್ಕಕ್ಕೆ ಸರಿಸಿ ತಿಂದೆ, ಬಸ್ಸಿನಲ್ಲಿ ಇಡೀ ದಾರಿ ಲೆಕ್ಕ ಹಾಕಿದೆ, ಇಡ್ಲಿ ಎಷ್ಟು ಹೀರಿರಬಹುದು ಎಂದು.

ಕಡೆಗೆ ಸಿಕ್ಕಿದ್ದು ನಮ್ಮ ಬೀದಿಯಿಂದ ಎರಡನೇ ತಿರುವಿನಲ್ಲಿ. ಬೋರ್ಡಿಲ್ಲದ ಮುದ್ದೆ ಹೋಟೆಲು. ನಾಲ್ಕು ಮೇಜು, ಗಂಡಸರೇ ಜಾಸ್ತಿ. ನಡೆಸುತ್ತಿದ್ದವರು ನನ್ನ ವಯಸ್ಸಿನವರೇ ಆದ ಒಬ್ಬ ಹೆಂಗಸು. ಕೈಲಾಂಚದ ಕಡೆಯವರು. ಗಂಡ ಕುರಿ ಸಾಕಿಕೊಂಡಿದ್ದವರು, ತೀರಿಕೊಂಡು ಬಹಳ ವರ್ಷವಾಗಿತ್ತು. ಒಳಗೆ ಒಲೆಯ ಮುಂದೆ ಅವರ ನಾದಿನಿ. ಭಾನುವಾರ, ಬುಧವಾರ ಕೋಳಿ. ಉಳಿದ ದಿನ ಮುದ್ದೆ, ಉಪ್ಸಾರು, ಸೊಪ್ಪಿನ ಬಸ್ಸಾರು, ಹುರುಳಿಕಾಳು. ಸೊಪ್ಪು-ಕಾಳು ಬೇಯಿಸಿದ ನೀರು, ಉಪ್ಪು, ಬೆಳ್ಳುಳ್ಳಿ ಖಾರ. ಇಡೀ ಜಿಲ್ಲೆ ಸುತ್ತಿ ಹುಡುಕಿದ ಊಟ ಇಲ್ಲಿ ತನಗೊಂದು ಹೆಸರಿದೆಯೆಂದು ಗೊತ್ತೇ ಇಲ್ಲದೆ ಆವಿಯಾಡುತ್ತ ಕೂತಿತ್ತು.

ತೊಂದರೆ ಮೊದಲ ದಿನವೇ ಆಯಿತು. ಮುದ್ದೆಯ ನೆತ್ತಿಗೆ ಬೆರಳಲ್ಲಿ ಗುಳಿ ಮಾಡಿ, ಆಕೆ ಮಿಳ್ಳೆಯಿಂದ ತುಪ್ಪ ಬಿಡಲು ಬಂದರು. ಹೊಸಬಳೆಂದು ಮರ್ಯಾದೆ. ನಾನು ಕೈ ಅಡ್ಡ ಹಿಡಿದು, ನಮ್ಮ ಕಡೆಯ ಪುಸ್ತಕದಂಥ ಕನ್ನಡದಲ್ಲಿ, "ಬೇಡ, ನಾನು ಹಾಲು-ತುಪ್ಪ ಬಿಟ್ಟಿದ್ದೇನೆ" ಎಂದೆ.

ಮಿಳ್ಳೆ ಗಾಳಿಯಲ್ಲೇ ನಿಂತಿತು. "ಯಾವಾಗಕ್ಕಾ?"

"ಹೋದ ವರ್ಷ" ಎಂದು ಮುದ್ದೆ ಮುರಿದು ಬಾಯಿಗಿಟ್ಟುಕೊಂಡೆ. ಅನ್ನ ತಿಂದು ಬೆಳೆದವಳು, ಅಗಿಯತೊಡಗಿದೆ.

"ಅಗೀಬ್ಯಾಡಿ, ನುಂಗಿ" ಎಂದರು. ನುಂಗಿದೆ. ಅದು ಅರ್ಧ ದಾರಿಯಲ್ಲಿ ನಿಂತಿತು. ಆಗ ಆಕೆ ನನ್ನ ಬೋಳು ಹಣೆಯನ್ನೂ ಬರಿ ಕತ್ತನ್ನೂ ಮಾಸಲು ಹತ್ತಿ ಸೀರೆಯನ್ನೂ ನೋಡಿ, ದನಿ ತಗ್ಗಿಸಿ ಕೇಳಿದರು, "ಯಜಮಾನ್ರಿಗಾ?"

ನಾನು ಉಸಿರಾಡಲೇಬೇಕಿತ್ತು. ತಲೆಯನ್ನು ಮೇಲೆ ಕೆಳಗೆ ಆಡಿಸಿ ಮುದ್ದೆಯನ್ನು ಒಳಗೆ ತಳ್ಳಿದೆ. ಖಾರಕ್ಕೆ, ನೋವಿಗೆ ಎರಡು ಕಣ್ಣಿಂದಲೂ ನೀರು ಸುರಿಯಿತು.

ಆಕೆ ಮಿಳ್ಳೆಯನ್ನು ಮೇಜಿನ ಮೇಲಿಟ್ಟು ನನ್ನ ಬೆನ್ನು ಸವರಿದರು. ಒಳಗೆ ತಿರುಗಿ ಕೂಗಿದರು, "ಅಮ್ಮೀ, ಒಂದು ಲೋಟ ನೀರ್ ತತ್ತಾ. ಈ ಅಕ್ಕನ ಯಜಮಾನ್ರು ಹೋಗ್ಬುಟ್ಟವ್ರಂತೆ, ಪಾಪ."

ಆಗ ನನಗೆ ಅರ್ಥವಾಯಿತು. ಸತ್ತವರನ್ನು ಮಣ್ಣು ಮಾಡಿದ ಮೂರನೆಯ ದಿನ ಗುಡ್ಡೆಯ ಮೇಲೆ ಹಾಲು, ತುಪ್ಪ ಬಿಡುತ್ತಾರೆ. ಈ ಕಡೆ "ಹಾಲು-ತುಪ್ಪ ಬಿಟ್ಟೆವು" ಎಂದರೆ ಅದೊಂದೇ ಅರ್ಥ. ತಿನ್ನುವುದನ್ನು ಬಿಡುತ್ತಾರೆಂದು ಯಾರು ತಾನೇ ಊಹಿಸಬೇಕು?

ತಕ್ಷಣ ತಿದ್ದಬೇಕಿತ್ತು. ತಿದ್ದಲು ಬಾಯಿಯನ್ನೂ ತೆರೆದೆ. ಆದರೆ ಆ ಕೈ ಇನ್ನೂ ನನ್ನ ಬೆನ್ನ ಮೇಲೆ ಇತ್ತು. ಆ ಊರಿಗೆ ಬಂದ ಏಳು ವಾರಗಳಲ್ಲಿ, ಬಸ್ಸಿನ ನೂಕುನುಗ್ಗಲನ್ನು ಬಿಟ್ಟರೆ, ನನ್ನನ್ನು ಮುಟ್ಟಿದ ಮೊದಲ ಮನುಷ್ಯರು ಅವರು. ನಾಳೆ ಹೇಳಿದರಾಯಿತು ಎಂದುಕೊಂಡೆ.

ನಾಳೆ ಹೇಳಲಿಲ್ಲ. ಗದ್ದಲವೆಲ್ಲ ಕರಗಿದ ಮೇಲೆ, ಮೂರು ಗಂಟೆಯ ಹೊತ್ತಿಗೆ ಹೋಗುವುದನ್ನು ರೂಢಿ ಮಾಡಿಕೊಂಡೆ. ಆ ಹೊತ್ತಿಗೆ ಆಕೆಯೂ ತಮ್ಮ ತಟ್ಟೆ ತಂದು ನನ್ನ ಪಕ್ಕದಲ್ಲಿ ಕೂರುತ್ತಿದ್ದರು. ಹತ್ತು ನಿಮಿಷ. ಇಡೀ ದಿನದಲ್ಲಿ ನನ್ನ ಜೊತೆ ಇನ್ನೊಬ್ಬರು ಕೂತು ಉಣ್ಣುತ್ತಿದ್ದ ಹತ್ತು ನಿಮಿಷ. ಅದಕ್ಕೆ ಬೆಲೆಯಾಗಿ ದಿನಕ್ಕಿಷ್ಟು ಗಂಡನನ್ನು ಕೊಡಬೇಕಾಗುತ್ತಿತ್ತು.

"ಏನಾಗಿತ್ತಕ್ಕಾ ಅವ್ರಿಗೆ?"

"ಶುಗರ್."

"ಹಾಳಾದ್ದು. ಏನ್ ಕೆಲ್ಸದಲ್ಲಿದ್ರು?"

"ಮೇಷ್ಟ್ರು."

"ಬೈತಿದ್ರಾ?"

"ಇಲ್ಲ. ಮಾತೇ ಕಡಿಮೆ."

"ಪುಣ್ಯವಂತರು ನೀವು. ನಮ್ಮನೆಯೋರು ಬಾಯ್ ಬುಟ್ರೆ ಕುರಿಯೆಲ್ಲ ಎದ್ದೋಡೋವು" ಎಂದು ಆಕೆ ನಕ್ಕರು. ಒಳಗಿನಿಂದ ನಾದಿನಿ, "ನಮ್ಮಣ್ಣನ್ನ ಅನ್ಬೇಡ ಕಣತ್ತಿಗೆ, ಸಾರಿಗೆ ಉಪ್ಪು ಹಾಕಲ್ಲ ನೋಡು" ಎಂದರು.

ಹೀಗೆ ಅವನು ಬೆಳೆದ. ಎತ್ತರವಾದ, ಕನ್ನಡಕ ಹಾಕಿಕೊಂಡ, ಪೇಪರಿನ ಪದಬಂಧ ತುಂಬಿಸತೊಡಗಿದ. ಕೋಣೆಗೆ ಹಿಂತಿರುಗುವಾಗ ಅವನ ವಿವರಗಳಲ್ಲಿ ಎಲ್ಲಿ ತಾಳ ತಪ್ಪಿದೆ ಎಂದು ಕಂಗಾಲಾಗಿ ಪರಿಶೀಲಿಸುತ್ತಿದ್ದೆ. ಅವನಿಗೆ ಸಕ್ಕರೆ ಕಾಯಿಲೆ ಇದ್ದಾಗ ಒಬ್ಬಟ್ಟು ಇಷ್ಟ ಎಂದದ್ದು ಸರಿಯೇ? ಒಮ್ಮೊಮ್ಮೆ, ಹೇಳಲು ನಾಚಿಕೆ, ಅವನಿಲ್ಲವಲ್ಲ ಎಂದು ನಿಜವಾಗಿಯೂ ಬೇಸರವಾಗುತ್ತಿತ್ತು. ಇಲ್ಲದವನು ಇಲ್ಲವಲ್ಲ ಎಂದು ಕೊರಗುವುದಕ್ಕೂ ಒಂದು ಯೋಗ್ಯತೆ ಬೇಕು.

ಮೂರು ತಿಂಗಳು ಕಳೆದು ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಹೋದವರಿಗೆ ಅವರಿಗಿಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡುವ ದಿನ. ಹಿಂದಿನ ದಿನ ಆಕೆ ತಟ್ಟೆಯ ಜೊತೆ ಒಂದು ಪೆನ್ನು, ಕ್ಯಾಲೆಂಡರಿನ ಹರಿದ ಹಾಳೆ ತಂದು ಕೂತರು. ಸಾಮಾನಿನ ಪಟ್ಟಿ.

"ನಮ್ಮೋರ್ಗೆ ತಲೆಮಾಂಸ. ನಿಮ್ಮೋರ್ಗೇನು ಮಾಡ್ಲಿ?"

"ಅವರಿಗ್ಯಾಕೆ?"

"ಯಾಕೆ ಅಂದ್ರೆ? ಆ ರೂಮಲ್ಲಿ ನೀವೊಬ್ರೇ ಏನ್ ಎಡೆ ಇಕ್ಕೀರಾ? ನಮ್ಮನೇಲಿ ಒಂದೆಲೆ ಜಾಸ್ತಿ ಹಾಕ್ತೀನಿ. ಮಾಂಸ ತಿಂತಿರ್ಲಿಲ್ಲ ಅಂದ್ರೆ ಬ್ಯಾರೆ ಮೂಲೇಲಿ ಇಕ್ತೀನಿ, ಸೋಂಕಾಗಲ್ಲ. ಒಬ್ಬಟ್ಟು ಬರ್ಕೊಂಡಿವ್ನಿ. ಹೆಸ್ರೇಳಿ."

"ಯಾವುದರ ಹೆಸರು?"

"ಅವ್ರ ಹೆಸ್ರು ಕಣಕ್ಕ. ಹೆಸ್ರಿಡಿದು ಕರೀಬೇಕಲ್ಲ, ಇಲ್ದಿದ್ರೆ ಯಾರ್ದೋ ಎಲೆಗೆ ಯಾರೋ ಬಂದ್ಬುಟ್ಟಾರು."

ಪೆನ್ನು ಕಾಯುತ್ತಿತ್ತು. ಕಾಯಿಲೆ ಕೊಟ್ಟಿದ್ದೆ, ಕೆಲಸ ಕೊಟ್ಟಿದ್ದೆ, ಕನ್ನಡಕ ಕೊಟ್ಟಿದ್ದೆ. ಹೆಸರು ಒಂದೂ ಬಾಯಿಗೆ ಬರಲಿಲ್ಲ. ಲೈಬ್ರರಿಯಲ್ಲಿ ಸಾವಿರ ಹೆಸರುಗಳ ನಡುವೆ ಕೂರುವವಳು ನಾನು. ಒಂದನ್ನು ಎತ್ತಿಕೊಟ್ಟಿದ್ದರೆ ಮುಗಿಯುತ್ತಿತ್ತು, ಹತ್ತು ನಿಮಿಷಗಳು ನನ್ನವೇ ಆಗಿ ಉಳಿಯುತ್ತಿದ್ದವು. ಆದರೆ ಆಕೆ ತಮ್ಮ ಗಂಡನ ಎಲೆಯ ಜೊತೆಗೆ ಇನ್ನೊಂದು ಎಲೆ ಹಾಕಿ, ಆ ಸುಳ್ಳು ಹೆಸರನ್ನು ಕರೆದು, ಹೋದವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕಾಯುತ್ತಾರೆ. ಅದು ಕಣ್ಣಿಗೆ ಕಟ್ಟಿತು.

"ಅವರಿಲ್ಲ" ಎಂದೆ.

"ಇಲ್ಲ ಅಂತ ಗೊತ್ತಲ್ಲಕ್ಕ, ಅದಕ್ಕೇ ತಾನೆ."

"ಹಾಗಲ್ಲ. ಮೊದಲಿಂದಲೂ ಇರಲಿಲ್ಲ. ನನಗೆ ಮದುವೆಯೇ ಆಗಿಲ್ಲ."

ಆಕೆ ಪೆನ್ನಿನ ಮುಚ್ಚಳ ಹಾಕಿದರು. "ಮತ್ತೆ ಹಾಲು-ತುಪ್ಪ ಬುಟ್ಟೆ ಅಂದ್ರಿ?"

"ತಿನ್ನೋದನ್ನ ಬಿಟ್ಟೆ. ಕುಡಿಯೋದನ್ನ."

ಒಳಗೆ ಪಾತ್ರೆಯೊಂದು ಬಿತ್ತು. ನಾದಿನಿ ಗೋಡೆಗೆ ಆತುಕೊಂಡು ನಗುತ್ತಿದ್ದರು. "ಅಯ್ಯೋ ಅತ್ತಿಗೆ, ತಿನ್ನೋದನ್ನ ಬುಟ್ರಂತೆ! ನಾವು ಒಬ್ಬ ಮನ್ಸನ್ನೇ ಸಾಯಿಸ್ಬುಟ್ವಲ್ಲ!" ನನಗೂ ನಗು ಬಂತು. ಈಗ ಮೂವರೂ ನಕ್ಕು ಇದು ಮುಗಿಯುತ್ತದೆ ಎಂಬ ಆಸೆಯಲ್ಲಿ ನಗಲು ಶುರುವನ್ನೂ ಮಾಡಿದೆ.

ಆಕೆ ನಗಲಿಲ್ಲ. "ಸುಮ್ಕಿರಮ್ಮಿ" ಎಂದು ಒಳಗೆ ಹೇಳಿ ನನ್ನ ಕಡೆ ತಿರುಗಿದರು. "ದಿನಾ ದೀಪ ಹಚ್ವಾಗ ನಮ್ಮನೆಯೋರ್ಗೆ ಕೈ ಮುಗ್ದು, ಹಂಗೇ ನಿಮ್ಮೋರ್ಗೂ ಮುಗೀತಿದ್ದೆ. ಆಯಪ್ಪನಿಗೆ ಅಲ್ಲಿ ಯಾರೂ ಗೊತ್ತಿಲ್ಲ, ಒಸಿ ನೋಡ್ಕೊಳ್ಳಿ ಅಂತ ನಮ್ಮೋರ್ಗೆ ಹೇಳ್ತಿದ್ದೆ." ಪೆನ್ನಿನ ಮುಚ್ಚಳ ಮತ್ತೆ ತೆಗೆದು ಪಟ್ಟಿಯಲ್ಲಿ ಒಬ್ಬಟ್ಟಿನ ಮೇಲೆ ಗೀಟು ಹಾಕಿದರು. "ನಾಳೆ ಬರಬ್ಯಾಡಿ ಮೇಡಂ."

ನಾಳೆ ಹೋಟೆಲಿಗೆ ರಜವೆಂದು ಬರಬೇಡಿ ಎಂದರೋ, ಇನ್ನು ಮುಂದೆ ಬರಲೇಬೇಡಿ ಎಂದರೋ? ಇಂಥ ಪ್ರಶ್ನೆಯನ್ನು ನನ್ನಂಥವಳ ಕೈಗೆ ಕೊಟ್ಟು ಕಳಿಸಬಾರದು. ಅಮಾವಾಸ್ಯೆಯ ದಿನ ಇಡೀ ಬೀದಿಯ ಮನೆಗಳಲ್ಲಿ ಒಗ್ಗರಣೆ ಸಿಡಿಯುತ್ತಿತ್ತು, ಯಾರೋ ಯಾರನ್ನೋ ಹೆಸರು ಹಿಡಿದು ಕರೆಯುತ್ತಿದ್ದರು. ನಾನು ಕಿಟಕಿ ಮುಚ್ಚಿಕೊಂಡು ಕಡ್ಲೆಪುರಿ ತಿಂದೆ. ಅದರ ಸದ್ದು ಕೋಣೆಗೆಲ್ಲ ಕೇಳುತ್ತಿತ್ತು. ಅಣ್ಣನಿಗೆ ಫೋನು ಮಾಡಿ, ಊಟ ಚೆನ್ನಾಗಿ ಸಿಗುತ್ತಿದೆ ಎಂದೆ.

ಮಾರನೆಯ ದಿನ ಹೋಗಲಿಲ್ಲ. ಅದರ ಮಾರನೆಯ ದಿನ ತಿರುವಿನವರೆಗೆ ಹೋಗಿ, ಔಷಧಿ ಅಂಗಡಿಯಲ್ಲಿ ಬೇಕಿಲ್ಲದ ಮುಲಾಮು ಕೊಂಡು ಹಿಂತಿರುಗಿದೆ. ಆಮೇಲಿನ ದಿನ ಹಸಿವು ನನ್ನನ್ನು ಕೈಹಿಡಿದು ಎಳೆದುಕೊಂಡು ಹೋಯಿತು. ಬರಿಯ ಹಸಿವು ಎಂದೇ ಹೇಳಿಕೊಂಡೆ.

ಆಕೆ ಎಲೆ ಹಾಕಿದರು, ಮುದ್ದೆ ಇಟ್ಟರು, ಬಸ್ಸಾರು ಬಡಿಸಿದರು. ತುಪ್ಪದ ಮಿಳ್ಳೆ ನನ್ನ ಮೇಜಿನ ಹತ್ತಿರವೂ ಬರಲಿಲ್ಲ. ಜಿಲ್ಲೆಯಲ್ಲೇ ನನ್ನ ಪಥ್ಯ ಸರಿಯಾಗಿ ಅರ್ಥವಾದ ಒಂದೇ ಜಾಗ ಈಗ ಅದು. ತಮ್ಮ ತಟ್ಟೆಯನ್ನು ಆಕೆ ಒಳಗೇ, ನಾದಿನಿಯ ಜೊತೆ ಇಟ್ಟುಕೊಂಡರು. ಅವರ ಮಾತು, ನಗು ಗೋಡೆಯಾಚೆಯಿಂದ ಕೇಳುತ್ತಿತ್ತು. ಪಕ್ಕದಲ್ಲಿ, ಆಕೆ ಕೂರುತ್ತಿದ್ದ ಕಡೆ, ನನ್ನ ಚೀಲ ಕೂತಿತ್ತು.

ಹಾಗೇ ಐದಾರು ವಾರ. ಒಂದು ದಿನ ನೀರು ತಂದಿಡುವಾಗ ಆಕೆ ನಿಂತರು. ಕೂರಲಿಲ್ಲ, ನಿಂತರು.

"ಯಾಕ್ ಆಗ್ಲಿಲ್ಲ ಮದ್ವೆ?"

ಇದಕ್ಕೆ ನನ್ನ ಹತ್ತಿರ ಮೂರು ನಾಲ್ಕು ಒಳ್ಳೆಯ ಉತ್ತರಗಳಿದ್ದವು. ಯಾವುದನ್ನೂ ಕೊಡಲಿಲ್ಲ. "ಗೊತ್ತಿಲ್ಲ. ನೋಡ್ತಾ ನೋಡ್ತಾ ಆಗಲಿಲ್ಲ" ಎಂದೆ.

"ಇದನ್ನೇ ಮೊದಲ್ನೇ ದಿನ ಹೇಳಿದ್ರೆ ಏನಾಗ್ತಿತ್ತು?"

"ನೀವು ಪಕ್ಕ ಕೂತ್ಕೊಳ್ತಿರಲಿಲ್ಲ."

ಆಕೆ ಕೋಪಿಸಿಕೊಳ್ಳುತ್ತಾರೆ ಎಂದುಕೊಂಡೆ. ಬದಲಿಗೆ ತಲೆ ಓರೆ ಮಾಡಿ, ನ್ಯಾಯ ಹೇಳುವವರಂತೆ, ನಿಧಾನವಾಗಿ ಯೋಚಿಸಿದರು.

"ಅದೂ ದಿಟವೇ" ಎಂದರು.

ಬಾಗಿಲಿಗೆ ಇಬ್ಬರು ಗಿರಾಕಿಗಳು ಬಂದರು. ಆಕೆ ಅವರಿಗೆ ಎಲೆ ಹಾಕಲು ಹೋದರು. ನಾನು ಉಳಿದದ್ದನ್ನು ಅಗಿಯದೆ ನುಂಗಿದೆ.