ಕೊನೆಯ ರೀಲಿನ ಅಕ್ಕ

ಹೊರಗೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚಿತ್ರಮಂದಿರದ ಒಳಗಂತೂ ಹಗಲೂ ಒಂದೇ, ಇರುಳೂ ಒಂದೇ. ಉರಿಯುತ್ತಿರುವ ಎರಡೇ ದೀಪಗಳ ಕೆಳಗೆ ಹೆಂಗಸೊಬ್ಬರು ಹಿಂದಿನ ಸಾಲಿನಿಂದ ಗುಡಿಸುತ್ತ ಇಳಿದು ಬರುತ್ತಿದ್ದಾರೆ. ಕುರ್ಚಿಯ ಸಂದಿಗೆ ಕೈ ಹಾಕಿದರೆ ಮಗುವಿನ ಕಾಲುಚೀಲ ಸಿಗುತ್ತದೆ, ಒಂಟಿ ಓಲೆ ಸಿಗುತ್ತದೆ. ಈಗ ಸಿಕ್ಕಿರುವುದು ಮುದ್ದೆಯಾದ ಒದ್ದೆ ಕರವಸ್ತ್ರ. ಅದನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು, "ನೋಡಿ, ನಿನ್ನೆ ಯಾರೋ ಚೆನ್ನಾಗಿ ಅತ್ತಿದ್ದಾರೆ. ಈ ಸಿನಿಮಾ ಇನ್ನೊಂದು ವಾರ ಓಡುತ್ತೆ" ಎನ್ನುತ್ತಾರೆ.

ಇಲ್ಲಿ ಎಲ್ಲರಿಗೂ ಅವರು 'ಕೊನೇ ರೀಲಕ್ಕ'. ರೀಲು ಹೋಗಿ ಕಂಪ್ಯೂಟರು ಬಂದು ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಅಂಟಿಕೊಂಡುಬಿಟ್ಟಿದೆ. ಆಟ ಶುರುವಾದಾಗ ಅಕ್ಕ ಮೆಟ್ಟಿಲು, ಶೌಚಾಲಯ ತೊಳೆಯುತ್ತಿರುತ್ತಾರೆ. ಮುಗಿಯಲು ಹತ್ತು ನಿಮಿಷ ಇರುವಾಗ ಪೊರಕೆ, ಚೀಲ ಹಿಡಿದು ಬಾಗಿಲ ಪರದೆಯ ಪಕ್ಕ ಬಂದು ನಿಲ್ಲಬೇಕು. ಜನ ಎದ್ದ ಕೂಡಲೇ ನುಗ್ಗಬೇಕು, ಇಲ್ಲದಿದ್ದರೆ ಮುಂದಿನ ಆಟದವರು ಕಸದ ಮೇಲೇ ಕೂರಬೇಕಾಗುತ್ತದೆ. ಹೀಗಾಗಿ ಮದುವೆಯಾಗಿ ಈ ಕೆಲಸಕ್ಕೆ ಸೇರಿದಂದಿನಿಂದ ಅಕ್ಕ ನೋಡಿರುವುದು ಸಿನಿಮಾಗಳ ಕೊನೆಯನ್ನಷ್ಟೇ. ಒಂದಕ್ಕಾದರೂ ತಲೆ ಇಲ್ಲ, ಬರೀ ಬಾಲ!

ಹಾಗಂತ ಅಭಿಪ್ರಾಯಕ್ಕೇನೂ ಬರವಿಲ್ಲ. ಟಿಕೆಟ್ಟಿನ ಸಾಲಿನಲ್ಲಿ ನಿಂತವರು "ಹೇಗಿದೆ ಅಕ್ಕ?" ಎಂದು ಕೇಳಿದರೆ ಸಾಕು. ಪತ್ತೇದಾರಿ ಚಿತ್ರವೋ? "ಕೊಂದವನು ಯಾರು ಅಂತ ಗೊತ್ತು. ಸತ್ತವನು ಯಾರು ಅಂತ ನೀವೇ ನೋಡ್ಕೊಂಡು ಬಂದು ಹೇಳಿ." ದೆವ್ವದ ಚಿತ್ರ? "ಪಾಪ, ದೆವ್ವ ಕೊನೆಗೆ ಅಮ್ಮಾ ಅಂತ ಅಳುತ್ತೆ. ಇಷ್ಟು ಒಳ್ಳೇ ಹುಡುಗಿ ಕಂಡು ಜನ ಯಾಕೆ ಕಿರುಚ್ತಾರೋ." ಪ್ರೇಮಕತೆ? "ಓಡಿ ಬಂದು ತಬ್ಬಿಕೊಳ್ತಾರೆ. ಇಷ್ಟು ಆಸೆ ಇದ್ದೋರು ದೂರ ಯಾಕಾಗಿದ್ರು? ಕೆಲಸ ಇಲ್ಲದೋರು!" ಹಳೆಯ ಕಪ್ಪುಬಿಳುಪು ಚಿತ್ರಗಳ ಮೇಲೆ ಮಾತ್ರ ಅವರಿಗೆ ವಿಪರೀತ ಪ್ರೀತಿ. "ಆಗ 'ಶುಭಂ' ಅಂತ ಬರೆದು ಮರ್ಯಾದೆಯಾಗಿ ಮುಗಿಸ್ತಿದ್ರು. ಈಗಿನವು ಮುಗಿದ್ವೋ, ಕರೆಂಟು ಹೋಯ್ತೋ, ಗೊತ್ತೇ ಆಗಲ್ಲ."

ಕೊನೆಗಳು ಅಕ್ಕನವಾದರೆ, ಮೊದಲುಗಳೆಲ್ಲ ಅವರ ಗಂಡನವು. ಆತ ಇದೇ ಚಿತ್ರಮಂದಿರದಲ್ಲಿ ಸಿನಿಮಾ ಓಡಿಸುವ ಆಪರೇಟರಾಗಿದ್ದರು. ಮಧ್ಯಾಹ್ನ ಮೆಟ್ಟಿಲ ಕೆಳಗೆ ಇಬ್ಬರೂ ಡಬ್ಬಿ ಬಿಚ್ಚಿ ಕೂತರೆ, ಆತ ಮೇಲಿನ ಕೋಣೆಯ ಕಿಂಡಿಯಿಂದ ಕಂಡ ಕತೆಯನ್ನು ಮೊದಲಿನಿಂದ ಹೇಳಿಕೊಂಡು ಬರುತ್ತಿದ್ದರು. ಅಲ್ಲಿಯವರೆಗೆ ಅಕ್ಕನ ತೀರ್ಪುಗಳೆಲ್ಲ ತಲೆಕೆಳಗು. ಒಮ್ಮೆ, ಪರದೆಯ ಮೇಲೆ ಮುದುಕನೊಬ್ಬ ಸಾಯುವುದನ್ನು ಕಂಡು ಪೊರಕೆ ಕೆಳಗಿಟ್ಟು ಅತ್ತಿದ್ದರಂತೆ. "ಊಟಕ್ಕೆ ಕೂತಾಗ ಇವರು ಹೇಳ್ತಾರೆ, ಲೇ, ಅವನು ಒಂದು ಮನೆತನವನ್ನೇ ಸುಟ್ಟವನು ಕಣೇ ಅಂತ. ಅಯ್ಯೋ, ನನ್ನ ಕಣ್ಣೀರೆಲ್ಲ ದಂಡ!" ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಅವತ್ತೂ ಡಬ್ಬಿ ಬಿಚ್ಚಿದ್ದರು. "ಇವತ್ತಿಂದು ಭಾರೀ ಕತೆ. ಕೈ ತೊಳ್ಕೊಂಡು ಬಾ, ಹೇಳ್ತೀನಿ" ಎಂದಿದ್ದರು ಗಂಡ. ಅಕ್ಕ ನಲ್ಲಿಯ ಹತ್ತಿರ ಹೋಗಿ ಬರುವಷ್ಟರಲ್ಲಿ ಆತ ಗೋಡೆಗೆ ವಾಲಿದ್ದರು. ಲಕ್ವ. ಬಲಗೈ ಹೋಯಿತು, ಮಾತೂ ಹೋಯಿತು. ನಾಲ್ಕು ವರ್ಷವಾಗುತ್ತ ಬಂತು. ಊಟದ ಹೊತ್ತು ಅಕ್ಕ ಈಗ ಮೆಟ್ಟಿಲ ಕೆಳಗೆ ಕೂರುವುದಿಲ್ಲ, ನಿಂತಲ್ಲೇ ತಿಂದು ಮುಗಿಸುತ್ತಾರೆ. "ಹೊಟ್ಟೆ ತುಂಬುತ್ತೆ. ಕಿವಿ ಹಸಿದಿರುತ್ತೆ" ಎನ್ನುತ್ತಾರೆ.

ಆ ದಿನದ ಚಿತ್ರದ ಕೊನೆ ಅವರಿಗೆ ಬಾಯಿಪಾಠ. ಪೆಟ್ಟಿಗೆ ಹಿಡಿದು ರೈಲಿಗೆ ಹೊರಟ ಹೆಂಗಸು ಮನೆಗೆ ವಾಪಸು ಬರುತ್ತಾಳೆ, ಬೀಗ ತೆಗೆಯುತ್ತಾಳೆ, ಹೊಸಿಲ ಮೇಲೆ ಕೂತು ಜೋರಾಗಿ ನಗುತ್ತಾಳೆ. ಅಷ್ಟೇ. ಯಾಕೆ ಹೊರಟಳು, ಯಾಕೆ ಬಂದಳು, ಯಾಕೆ ನಕ್ಕಳು? ಹೇಳಲು ಬಂದವರಿದ್ದಾರೆ. ಕ್ಯಾಂಟೀನಿನವನು ಬಾಯಿ ತೆರೆದರೆ ಅಕ್ಕ ಕಿವಿ ಮುಚ್ಚಿಕೊಳ್ಳುತ್ತಾರೆ. ಮ್ಯಾನೇಜರು ತಮ್ಮ ಫೋನಿನಲ್ಲೇ ತೋರಿಸಲು ಹೋದರೆ ಬೇಡವೆಂದರು. "ಅದು ಅವರು ಹೇಳ್ತೀನಿ ಅಂದ ಕತೆ. ಬೇರೆಯವರ ಬಾಯಿಂದ ಕೇಳಿಬಿಟ್ರೆ, ಅವರು ಇನ್ನು ಹೇಳಲ್ಲ ಅಂತ ನಾನೇ ಒಪ್ಪಿಕೊಂಡ ಹಾಗಾಗಲ್ವಾ? ನಿಮಗೂ ಗೊತ್ತಿದ್ರೆ, ದಮ್ಮಯ್ಯ, ಹೇಳ್ಬೇಡಿ."

ಬೆಳಗಿನ ಗುಡಿಸಾಟ ಮುಗಿಸಿ ಮನೆಗೆ ಓಡುತ್ತಾರೆ. ಒಂದೇ ಕೋಣೆ, ಕಿಟಕಿಯ ಪಕ್ಕ ಮಂಚ. ಗಂಡನ ಗಡ್ಡ ಹೆರೆದು, ಮುಖ ಒರೆಸಿ, ಗಂಜಿ ಕುಡಿಸುತ್ತ ಅಕ್ಕ ಶುರುಮಾಡುತ್ತಾರೆ. ಕೂತು ಮಾತಾಡಿಸಿ, ಬಿಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಅಕ್ಕ ಅದಕ್ಕೆ ತಮ್ಮದೇ ದಾರಿ ಹುಡುಕಿಕೊಂಡಿದ್ದಾರೆ: ಬೇಕೆಂದೇ ಕತೆ ಕೆಡಿಸುವುದು.

"ರೀ, ನನಗೆ ಗೊತ್ತಾಯ್ತು. ಆ ಪೆಟ್ಟಿಗೆಯೋಳು ಕಳ್ಳಿ. ಅತ್ತೆ ಒಡವೆ ಕದ್ದು ಹೊರಟಿದ್ಲು. ಸರಿ ತಾನೆ?"

ಮಂಚದ ಮೇಲಿನ ಮುಖ ಕೆಂಪೇರುತ್ತದೆ. ಎಡಗೈ ಹಾಸಿಗೆಗೆ ಬಡಿಯುತ್ತದೆ. ತುಟಿ ಅದುರುತ್ತದೆ, ಕತ್ತಿನ ನರ ಉಬ್ಬುತ್ತದೆ. ಅಕ್ಕ ಚಮಚ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕಾಯುತ್ತಾರೆ.

"ಅ... ಅಲ್ಲ."

ಹೋದ ತಿಂಗಳು ಬಂದ ಮಾತಂತೆ ಇದು. ಸದ್ಯಕ್ಕೆ ಇರುವುದು ಇದೊಂದೇ. ಆದರೂ ಪ್ರತಿಸಲ ಕೇಳಿದಾಗಲೂ ಅಕ್ಕನ ಕಣ್ಣು ತುಂಬುತ್ತದೆ, ಮುಚ್ಚಿಡುವ ಗೋಜಿಗೆ ಅವರು ಹೋಗುವುದಿಲ್ಲ. ಗಂಡನ ಗಲ್ಲದ ಮೇಲೆ ಚೆಲ್ಲಿದ ಗಂಜಿ ಒರೆಸಿ, ಇನ್ನೊಂದು ಚಮಚ ತುಂಬಿಕೊಳ್ಳುತ್ತಾರೆ.

"ಅಲ್ಲ ಅನ್ನೋಕೆ ಬಂತಲ್ಲ, ಅಷ್ಟು ಸಾಕು ನನಗೆ. ಅಲ್ಲ ಅಂದೋರು ಹೌದು ಯಾವುದು ಅಂತ ಹೇಳದೆ ಎಷ್ಟು ದಿನ ಸುಮ್ಮನಿರ್ತಾರೆ? ಅಲ್ಲೀವರೆಗೂ ನಾನು ದಿನಾ ತಪ್ಪೇ ಹೇಳ್ತೀನಿ."