ಹುಬ್ಬಿನ ಹೌದು

ಸರ್ಗಿ ಅಲೆಕ್ಸಿ ಸತ್ತ. ಅವನು ಕೂತಿದ್ದ ಆರು ಸೀಟಿನ ವಿಮಾನ, ಊರು ಇನ್ನೇನು ಕಾಣಬೇಕು ಅನ್ನುವಾಗ, ಹೆಪ್ಪುಗಟ್ಟಿದ್ದ ಕುಸ್ಕೋಕ್ವಿಮ್ ನದಿಯ ಮೇಲೆ ಬಿತ್ತು. ಜೊತೆಗಿದ್ದ ನತಾಲ್ಯಜ್ಜಿ ಸತ್ತಳು, ವಿಮಾನ ಹಾರಿಸುತ್ತಿದ್ದ ಡೆರಿಕ್ ಕೂಡ ಸತ್ತ.

ಹವಾಮಾನ ಕೆಟ್ಟಿತ್ತು ಎಂದು ವಿಮಾನದ ಕಂಪನಿ ಮೊದಲು ಹೇಳಿತು. ಆ ದಿನ ನದಿಯ ಆಚೆ ದಡದ ಮರಗಳನ್ನು ಎಣಿಸಬಹುದಿತ್ತು. ಡೆರಿಕ್‌ನ ರಕ್ತದಲ್ಲಿ ಮದ್ಯ ಸಿಕ್ಕ ಮೇಲೆ ಕಂಪನಿ ಊರಿನ ಮನೆಮನೆಗೂ ಪ್ಲಾಸ್ಟಿಕ್ ಹೂವು ಕಳಿಸಿತು. ನನಗೆ ಬಂದದ್ದನ್ನು ಒಲೆಗೆ ಹಾಕಿದೆ. ಮನೆಯೆಲ್ಲ ನಾತ.

ಊರಿನ ಬಟ್ಟೆ ಒಗೆಯುವ ಮನೆಯನ್ನು ನೋಡಿಕೊಳ್ಳುತ್ತಿದ್ದವನು ಸರ್ಗಿ. ನಮ್ಮ ಮನೆಗಳಲ್ಲಿ ನಲ್ಲಿಯಿಲ್ಲ. ಸ್ನಾನಕ್ಕೂ ಅಲ್ಲಿಗೇ ಹೋಗಬೇಕು. ಬಿಸಿನೀರಿನಡಿ ಯಾರಾದರೂ ಹೆಚ್ಚು ಹೊತ್ತು ನಿಂತರೆ ಬಾಗಿಲು ಬಡಿದು, ಬೆಂದಿದ್ದರೆ ಉಪ್ಪು ಹಾಕಿ ಇಳಿಸಲಾ ಎಂದು ಕೇಳುತ್ತಿದ್ದ.

ನಮ್ಮೂರಲ್ಲಿ ಮದ್ಯಕ್ಕೆ ನಿಷೇಧ. ತಡೆಯಲಾಗದವರು ಅಂಗಡಿಯಲ್ಲಿ ಸಿಗುವ, ಬಾಯಿ ಮುಕ್ಕಳಿಸುವ ಪುದೀನ ವಾಸನೆಯ ನೀರನ್ನೇ, ಅದರಲ್ಲಿರುವ ಮದ್ಯಸಾರಕ್ಕಾಗಿ, ಕುಡಿಯುತ್ತಾರೆ. ಸರ್ಗಿಯೂ ವರ್ಷಗಟ್ಟಲೆ ಕುಡಿದವನೇ. ಒಂದು ಚಳಿಗಾಲ ಕುಡಿದಿದ್ದ ಅವನ ಅಣ್ಣ ಹಿಮದ ಗಾಡಿಯನ್ನು ನದಿಯ ತೆಳು ಮಂಜುಗಡ್ಡೆಯ ಮೇಲೆ ಓಡಿಸಿ ನೀರಿಗಿಳಿಸಿದ. ಹಿಂದೆ ಕೂತಿದ್ದ ಸರ್ಗಿಯೊಬ್ಬನೇ ಮೇಲೆ ಬಂದ. ಅವತ್ತಿಗೆ ಕುಡಿತ ಬಿಟ್ಟ. ಆಮೇಲೆ ಯಾರ ಗಾಡಿ ಹತ್ತುವುದಿದ್ದರೂ ಏನೋ ಗುಟ್ಟು ಹೇಳುವವನಂತೆ ಮುಖದ ಹತ್ತಿರ ಬಗ್ಗಿ, ಉಸಿರು ಮೂಸಿ ನೋಡಿಯೇ ಹತ್ತುತ್ತಿದ್ದ.

ವಿಮಾನ ಬಿದ್ದ ದಿನ ಒಗೆಯುವ ಮನೆಯ ಪಂಪಿಗೆ ಬಿಡಿಭಾಗ ತರಲು ಪೇಟೆಗೆ ಹೋಗಿದ್ದ. ವಾಪಸು ಹೊರಟಾಗ ಅಗಾಫ್ಯಾ ಜೊತೆಗಿದ್ದಳು. ಅವಳು ಅವನ ಸೋದರತ್ತೆಯ ಮಗಳು, ಚುಡಾಯಿಸುವ ಹಕ್ಕಿದ್ದವಳು. ವಿಮಾನ ಹತ್ತುವ ಮುಂಚೆ ಎಲ್ಲರೂ ತಮ್ಮ ತೂಕ ಹೇಳಬೇಕು.

"ಭಾವ, ನಿಜ ಹೇಳು. ನಿನ್ನ ಹೊಟ್ಟೆ ಲೆಕ್ಕಕ್ಕೆ ಬರ್ಲಿಲ್ಲಾಂದ್ರೆ ಎಲ್ರೂ ಬೀಳ್ತೀವಿ" ಎಂದಳಂತೆ.

ಸರ್ಗಿ ನಗಲಿಲ್ಲ. ಡೆರಿಕ್ ಪಕ್ಕದಲ್ಲೇ ಹಾದುಹೋಗಿದ್ದ. ಆ ಪುದೀನ ವಾಸನೆಯನ್ನು ಸರ್ಗಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನೇರವಾಗಿ ಕೌಂಟರಿಗೆ ಹೋಗಿ, ಆ ಹುಡುಗನ ಬಾಯಿ ಮೂಸಿ ನೋಡು ಎಂದು ಮೇಲ್ವಿಚಾರಕ ಕರ್ಟ್‌ಗೆ ಹೇಳಿದ. ಹಲ್ಲುನೋವು, ಅದಕ್ಕೇ ಮುಕ್ಕಳಿಸಿದೆ ಎಂದ ಡೆರಿಕ್. ಕರ್ಟ್ ಸರ್ಗಿಯತ್ತ ತಿರುಗಿದ.

"ಕುಡ್ದಿದಾನೆ ಅಂತ ಖಂಡಿತವಾಗಿ ಹೇಳ್ತೀಯಾ?"

ಸರ್ಗಿ ಎರಡೂ ಹುಬ್ಬು ಮೇಲೇರಿಸಿದ.

ನಮ್ಮಲ್ಲಿ ಹೌದು ಅನ್ನುವುದು ಹಾಗೇ. ಅದಕ್ಕೆ ಬಾಯಿ ಬೇಕಿಲ್ಲ. ತೊಟ್ಟಿಲ ಕೂಸಿಗೂ ಅರ್ಥವಾಗುತ್ತದೆ. ಕರ್ಟ್ ನಗುತ್ತಾ ಭುಜ ಕುಣಿಸಿ, ನೋಡು, ಇವನಿಗೂ ಗೊತ್ತಿಲ್ಲ ಎಂದ.

"ಹೌದು ಅಂದ್ನಲ್ಲಪ್ಪಾ, ಕಣ್ಣಿಲ್ವಾ ನಿಂಗೆ?" ಅಂದಳು ಅಗಾಫ್ಯಾ.

"ನಂಗೇನೂ ಕೇಳಿಸ್ಲಿಲ್ಲ. ಬರೋರು ಹತ್ತಿ, ಬರ್ದೇ ಇರೋರು ನಾಳೆ ಬನ್ನಿ."

ತನಿಖೆಯವರಿಗೂ ಕರ್ಟ್ ಅದನ್ನೇ ಹೇಳಿದ: ಪ್ರಯಾಣಿಕರು ಬಾಯಿಬಿಟ್ಟು ಏನೂ ಹೇಳಲಿಲ್ಲ. ಎರಡು ಚಳಿಗಾಲ ನಮ್ಮ ನಡುವೆ ಬದುಕಿ, ನಮ್ಮ ಸಾಲ್ಮನ್ ತಿಂದು ಬೆರಳು ನೆಕ್ಕಿದವನು. ಅವನು ಈಗಲೂ ಅದೇ ಕೌಂಟರಿನಲ್ಲಿ ಕೂತು ನಮ್ಮ ತೂಕ ಕೇಳುತ್ತಾನೆ.

ಸರ್ಗಿ, ಅಗಾಫ್ಯಾ ಇಬ್ಬರೂ ಉಳಿಯುವುದೆಂದಾಯಿತು. ಆದರೆ ಆಸ್ಪತ್ರೆಯಿಂದ ಬಂದ ನತಾಲ್ಯಜ್ಜಿಯನ್ನು ಆಗಲೇ ಹತ್ತಿಸಿ ಬೆಲ್ಟ್ ಬಿಗಿದಿದ್ದರು. ಅವಳನ್ನು ಇಳಿಸಲು ಸರ್ಗಿ ಹತ್ತಿದ. ಅಗಾಫ್ಯಾ ಬಾಗಿಲಲ್ಲಿ ನಿಂತಳು.

"ಇಳೀ ಅಜ್ಜಿ, ನಾಳೆ ಹೋಗೋಣ. ವಿಮಾನ ಹಾರಿಸೋನು ಕುಡ್ದಿದಾನೆ" ಎಂದ ಸರ್ಗಿ.

"ನನ್ನ ಗಂಡ ಕುಡೀದೇ ಇದ್ದ ದಿನ ಯಾವ್ದಿತ್ತು? ಆಸ್ಪತ್ರೆ ಗಂಜಿ ಸಾಕಾಯ್ತು ಮಗಾ. ನಾನು ಇಳಿಯಲ್ಲ. ಬೇಕಾದ್ರೆ ನೀನಿಳಿ."

ಅವನು ಬೆಲ್ಟ್ ಬಿಚ್ಚಿದ. ಅವಳು ಮತ್ತೆ ಹಾಕಿಕೊಂಡಳು. ಡೆರಿಕ್ ಒಳಗೆ ಬಂದು, ಇಳಿಯುವವರು ಬೇಗ ಇಳಿಯಿರಿ ಎಂದ. ಸರ್ಗಿ ಅಜ್ಜಿಯನ್ನು ನೋಡಿದ. ಪಂಪಿನ ಬಿಡಿಭಾಗವನ್ನು ಅಗಾಫ್ಯಾಳ ಕೈಗೆ ಕೊಟ್ಟು, ಬಾಗಿಲೆಳೆದುಕೊಂಡು, ಅಜ್ಜಿಯ ಪಕ್ಕದಲ್ಲಿ ಕೂತ.

ಪಂಖ ತಿರುಗತೊಡಗಿತು. ಮಾತು ಕೇಳುವಂತಿರಲಿಲ್ಲ. ಅಗಾಫ್ಯಾ ಕೆಳಗಿನಿಂದ ಕೈಯಾಡಿಸಿ ಕೇಳಿದಳು: ಹೋಗ್ತೀಯಾ?

ಕಿಟಕಿಯ ಗಾಜಿನಾಚೆ ಸರ್ಗಿ ಎರಡೂ ಹುಬ್ಬು ಮೇಲೇರಿಸಿದ.